ಜಿಲೇಬಿಯ ಬಾಯೊಳಗಿನ ಸಂಸಾರ

"ಮೇಷ್ಟ್ರೇ, ನಮ್ಮ ಹೈದ ಹೊಂಡಕ್ಕೆ ಜಿಲೇಬಿ ಮರಿ ಬುಡ್ತೀನಿ ಅಂತಾ ಕುಂತವ್ನೆ. ಬುಡ್ಬೋದಾ?"

ಬೇಲಿಯಾಚೆಯಿಂದ ಅಕ್ಕ ಕೇಳಿದರು. ಒರಟು ಕಲ್ಲಿನ ಮೇಲೆ ಬೂದಿ ಹಾಕಿಕೊಂಡು ಮೀನು ಉಜ್ಜುತ್ತಿದ್ದರು. ಹೊಂಡ ಅಂದದ್ದು ನಾಗಮಂಗಲದ ಕಡೆ, ತವರಿನಿಂದ ಅವರ ಪಾಲಿಗೆ ಬಂದ ಜಮೀನಿನಲ್ಲಿ ತೋಡಿಸಿರುವ ಕೃಷಿ ಹೊಂಡ. ಅಲ್ಲಿ ನಮ್ಮ ಪಾಂಡವಪುರದ ಕಡೆಯ ಹಾಗೆ ನಾಲೆ ನೀರಿನ ಸುಖವಿಲ್ಲ. ಮಳೆ ಬಂದಾಗ ಹೊಲದ ಮೇಲೆ ಹರಿದು ಹೋಗುವ ನೀರನ್ನು ತಡೆದು ನಿಲ್ಲಿಸಿಕೊಂಡು, ರಾಗಿ ಬಾಡುವ ಹೊತ್ತಿಗೆ ಒಂದೆರಡು ತೇವ ಕೊಡಬೇಕು. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಆ ಕಡೆಯ ಹೊಲಗಳಲ್ಲಿ ಕಪ್ಪು ಹಾಳೆ ಹಾಸಿದ ಇಂಥ ಹೊಂಡಗಳು ಕಾಣತೊಡಗಿದವು. ನಿಂತ ನೀರಿಗೆ ನಾಲ್ಕು ಮೀನು ಬಿಟ್ಟರೆ ಮನೆಗೂ ಆಯಿತು, ಸಂತೆಗೂ ಆಯಿತು ಎಂದು ಯಾವ ಹುಡುಗನಿಗೆ ಅನಿಸುವುದಿಲ್ಲ?

"ಮೀನು ಬಿಡಲಿ ಅಕ್ಕ. ಜಿಲೇಬಿ ಮಾತ್ರ ಬೇಡ" ಅಂದೆ.

"ಅದ್ಯಾಕೆ? ಬಡವ್ರ ಮೀನು ಕಣ್ ಮೇಷ್ಟ್ರೇ. ಎಂಥಾ ನೀರಲ್ಲೂ ಸಾಯಕ್ಕಿಲ್ಲ. ಏನಾಕಿದ್ರೂ ತಿಂತದೆ. ವರ್ಸ ವರ್ಸ ಮರಿ ಕೊಳ್ಳೋ ತಾಪತ್ರಯ ಇಲ್ಲ. ಒಂದ್ಸಲ ಬುಟ್ರೆ ಆಯ್ತು, ಅವೇ ಎಚ್ಕತವೆ."

ಅಕ್ಕ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಬೇಡ ಅನ್ನುವುದೂ ಅವೇ ಕಾರಣಗಳಿಗೆ. ಆದರೆ ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಆ ಮೀನಿನ ಮೇಲೆ ನನಗೆ ದೊಡ್ಡ ಗೌರವವಿದೆ. ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಕಾಲದಲ್ಲಿ ಪುಸ್ತಕದ ಚಿತ್ರ ಬದಿಗಿಟ್ಟು ಜಿಲೇಬಿಯನ್ನೇ ಮೇಜಿನ ಮೇಲೆ ಇಡುತ್ತಿದ್ದೆ.

"ಅಕ್ಕ, ಆ ಪುಟ್ಟಿಯಲ್ಲಿ ಗೆಂಡೆ ಇದೆಯಲ್ಲ, ಅದರ ಮೂಗು ನೋಡಿ. ಒಂದೊಂದು ಪಕ್ಕಕ್ಕೂ ಎರಡೆರಡು ತೂತು. ಈಗ ನಿಮ್ಮ ಕೈಲಿರುವ ಜಿಲೇಬಿ ನೋಡಿ."

ಅಕ್ಕ ಮೀನನ್ನು ಬೆಳಕಿಗೆ ಹಿಡಿದರು. "ಒಂದೇ ಅದೆ ಕಣ್ ಮೇಷ್ಟ್ರೇ! ಇಷ್ಟ್ ವರ್ಸದಿಂದ ಉಜ್ತಿವ್ನಿ, ನೋಡೇ ಇರ್ನಿಲ್ಲ."

ಪಕ್ಕಕ್ಕೊಂದೇ ಮೂಗಿನ ಹೊಳ್ಳೆ. ಇದು ಸಿಕ್ಲಿಡ್ ಎಂಬ ಮೀನಿನ ಮನೆತನದ ಗುರುತು. ಇನ್ನೊಂದು ಗುರುತೂ ಇದೆ. ಮೀನಿನ ಮೈಯ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಎಳೆದ ಹಾಗೆ ಇರುತ್ತದೆ, ನೀರಿನ ಅಲುಗಾಟ ತಿಳಿಯುವುದು ಅದರಿಂದ. ಗೆಂಡೆಯಲ್ಲಿ ಆ ಗೆರೆ ಉದ್ದಕ್ಕೂ ಒಂದೇ. ಜಿಲೇಬಿಯಲ್ಲಿ ಅರ್ಧಕ್ಕೆ ನಿಂತು, ಸ್ವಲ್ಪ ಕೆಳಗೆ ಇಳಿದು, ಮತ್ತೆ ಹೊಸದಾಗಿ ಶುರುವಾಗುತ್ತದೆ. ಗಂಟಲೊಳಗೆ ಇನ್ನೊಂದು ಜೊತೆ ದವಡೆ ಬೇರೆ. ಹೊರಗಿನ ಬಾಯಿ ಹಿಡಿಯುವುದಕ್ಕೆ, ಒಳಗಿನ ದವಡೆ ಅರೆಯುವುದಕ್ಕೆ. ಪಾಚಿ, ಕೊಳೆತ ಸೊಪ್ಪು, ಹುಳು, ಬೇರೆ ಮೀನಿನ ಸಣ್ಣ ಮರಿ, ಯಾವುದು ಸಿಕ್ಕಿದರೂ ಬದುಕಿಕೊಳ್ಳಬಲ್ಲ ಧೈರ್ಯ ಅದಕ್ಕೆ ಬಂದಿರುವುದು ಈ ಗಂಟಲ ದವಡೆಯಿಂದ. ಆಫ್ರಿಕಾದ ದೊಡ್ಡ ಸರೋವರಗಳಲ್ಲಿ, ಒಂದು ಮಲಾವಿ ಸರೋವರದಲ್ಲೇ, ಈ ಮನೆತನದ ನೂರಾರು ಜಾತಿಗಳಿವೆ. ಒಂದು ಪಾಚಿ ಕೆರೆದು ತಿನ್ನುವುದು, ಒಂದು ಬಸವನಹುಳು ಒಡೆದು ತಿನ್ನುವುದು, ಮತ್ತೊಂದು ಇನ್ನೊಂದು ಮೀನಿನ ಹುರುಪೆ ಕಿತ್ತು ತಿನ್ನುವುದು.

"ಹಂಗಾರೆ ನಮ್ದಲ್ವಾ ಇದು?"

"ಅಲ್ಲ ಅಕ್ಕ. ಇದರ ಸ್ವಂತ ಊರು ಮೊಜಾಂಬಿಕ್. ಜಾಂಬೆಜಿ ಅಂತ ಒಂದು ನದಿ, ಅದರ ಕೆಳದಂಡೆ."

ಅಕ್ಕನ ಕೈ ಹಾಗೇ ನಿಂತಿತು. ನಮ್ಮೂರ ಕೆರೆಯ ಮೀನು ನಮ್ಮ ಹೊಳೆಯದಲ್ಲ, ಕಡಲಾಚೆಯದು ಅಂದರೆ ಯಾರಿಗೂ ಆಶ್ಚರ್ಯವೇ. ವಿಶ್ವೇಶ್ವರಯ್ಯ ನಾಲೆಯ ನೀರು ನಿಲ್ಲಿಸಿದಾಗ ಗುಂಡಿಗಳಲ್ಲಿ ಉಳಿದ ಮೀನನ್ನು ಹುಡುಗರು ಪಂಚೆಯಲ್ಲಿ ಗೋರುತ್ತಾರಲ್ಲ, ಅದರಲ್ಲಿ ಮೊದಲು ಮೇಲೆ ಬರುವುದೇ ಜಿಲೇಬಿ. ಹುಟ್ಟಿದಾಗಿಂದ ಕಂಡದ್ದು ನಮ್ಮದೇ ಅನಿಸುವುದು ಸಹಜ.

ಆದರೆ ಇದು ಬಂದದ್ದು ನಮ್ಮ ಅಪ್ಪಂದಿರ ಕಾಲದಲ್ಲಿ. ಅದರ ಪಯಣ ಒಂದು ಕಥೆಯೇ. 1939ರಲ್ಲಿ ಜಾವಾ ದ್ವೀಪದ ಕರಾವಳಿಯಲ್ಲಿ ಮುಜಾಯಿರ್ ಎಂಬ ಹಳ್ಳಿಗನಿಗೆ ಗುರುತಿಲ್ಲದ ಕೆಲವೇ ಮೀನು ಸಿಕ್ಕವು. ಬಾಯಿಂದ ಮರಿ ಉಗುಳುವುದನ್ನು ಕಂಡು ಅಚ್ಚರಿಪಟ್ಟು, ಉಪ್ಪುನೀರಿನಿಂದ ತಂದು ಸಿಹಿನೀರಿನ ಹೊಂಡಕ್ಕೆ ಒಗ್ಗಿಸಿ ಸಾಕಿದ. ಇಂಡೋನೇಷ್ಯಾದಲ್ಲಿ ಇವತ್ತಿಗೂ ಆ ಮೀನಿಗೆ ಅವನದೇ ಹೆಸರು. ಆ ಬೆರಳೆಣಿಕೆಯ ಮೀನುಗಳ ವಂಶವೇ ಯುದ್ಧದ ಕಾಲದಲ್ಲಿ, ಅದಾದ ಮೇಲೆ, ಏಷ್ಯಾದ ಹೊಂಡದಿಂದ ಹೊಂಡಕ್ಕೆ ಹಬ್ಬಿತು. 1952ರಲ್ಲಿ ತಮಿಳುನಾಡಿನ ಮಂಡಪಂಗೆ ತಂದರು. ಸ್ವಾತಂತ್ರ್ಯ ಬಂದು ಐದೇ ವರ್ಷ. ಪಡಿತರದ ಕಾಲ, ಹೊಟ್ಟೆಗೆ ಸಾಲದ ಕಾಲ. ಎಲ್ಲಿ ಬಿಟ್ಟರೂ ಬೆಳೆಯುವ ಮೀನು ಅಂದರೆ ಯಾರಿಗೆ ಬೇಡ? ತಂದವರ ಉದ್ದೇಶದಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಸಿಂಹಳಕ್ಕೂ ಅದು ಹೋದದ್ದು ಅದೇ ಕಾಲದಲ್ಲಿ. ಅಲ್ಲಿನ ಪುರಾತನ ಕೆರೆಗಳಲ್ಲಿ ಮೀನು ಹಿಡಿದು ಬದುಕುವ ಸಾವಿರಾರು ಸಂಸಾರಗಳಿಗೆ ಇದೇ ಮುಖ್ಯ ಮೀನಾಯಿತು. ಹಸಿದವರಿಗೆ ಅನ್ನ ಕೊಟ್ಟ ಮೀನು ಇದು, ಅದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಏಳೇ ವರ್ಷಕ್ಕೆ ಗಾಳಿ ತಿರುಗಿತು. 1959ರಲ್ಲಿ ಮೀನುಗಾರಿಕೆಯ ತಜ್ಞರ ಸಮಿತಿ ಇದನ್ನು ಇನ್ನು ಹರಡಬಾರದು ಎಂದು ಹೇಳಿತು. ಅಷ್ಟು ಹೊತ್ತಿಗೆ ಮೀನು ಕೈದಾಟಿತ್ತು. ಕೆರೆಗೆ ಬಿಟ್ಟದ್ದು ಕೋಡಿ ಬಿದ್ದಾಗ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ನಾಲೆಗೆ. ಸಮಿತಿಯ ಮಾತು ಮೀನಿಗೆ ಕೇಳುತ್ತದೆಯೇ?

"ಅಲ್ಲಾ ಮೇಷ್ಟ್ರೇ, ಗೆಂಡೆ ಹರಡ್ನಿಲ್ಲ, ಕಾಟ್ಲಾ ಹರಡ್ನಿಲ್ಲ. ಇದೊಂದೇ ಎಂಗೆ ಹರಡ್ತು?"

ಇದು ಸರಿಯಾದ ಪ್ರಶ್ನೆ. ನನಗೆ ಹೇಳಬೇಕೆನಿಸಿದ್ದೂ ಇದನ್ನೇ.

"ಯಾವತ್ತಾದರೂ ಜಿಲೇಬಿ ಬಾಯಿ ಬಿಡಿಸಿದಾಗ ಒಳಗೆ ಏನಾದರೂ ಕಂಡಿದ್ದೀರಾ?"

"ಕಂಡಿವ್ನಿ. ಒಂದ್ಸಲ ಬಾಯ್ ತುಂಬ ಅಳ್ದಿ ಕಾಳು. ನವಣೆ ತಿಂದದೆ ಅನ್ಕಂಡೆ. ಇನ್ನೊಂದ್ಸಲ ಕಣ್ಣು ಬಂದಿದ್ದ ಮರಿಗ್ಳು. ಅವತ್ತು ಅದ್ನ ಉಣ್ಣಕ್ಕೆ ಮನ್ಸೇ ಬರ್ನಿಲ್ಲ."

ಅಕ್ಕ ಕಂಡದ್ದು ಮೊಟ್ಟೆ, ಆಮೇಲೆ ಕಂಡದ್ದು ಮರಿ. ಹೆಣ್ಣು ಜಿಲೇಬಿ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಕಾವು ಕೊಡುತ್ತದೆ. ಬೆದೆಗೆ ಬಂದ ಗಂಡು ಮೊದಲು ಕಪ್ಪಾಗುತ್ತದೆ. ಗದ್ದ ಬೆಳ್ಳಗೆ, ರೆಕ್ಕೆಯಂಚು ಕೆಂಪಗೆ. ನಮ್ಮ ಬೆಸ್ತರಲ್ಲಿ ಕೆಲವರು ಅದನ್ನು ಬೇರೆ ಜಾತಿಯ ಮೀನೆಂದೇ ಬೇರೆ ಗುಡ್ಡೆ ಹಾಕುವುದನ್ನು ನೋಡಿದ್ದೇನೆ. ತೆಳುನೀರಿನ ಅಂಚಿನಲ್ಲಿ ಆ ಗಂಡು ಬಾಯಿಂದ ಮಣ್ಣು ಕಚ್ಚಿ ಕಚ್ಚಿ ಹೊರಹಾಕಿ ಬಟ್ಟಲಿನಂಥ ಗುಣಿ ತೋಡುತ್ತದೆ. ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿದಾಗ ಒಣಗಿದ ಅಂಗಳದಲ್ಲಿ ಸಾಲುಸಾಲಾಗಿ ಕಾಣುವ ದುಂಡನೆ ಗುಣಿಗಳಲ್ಲಿ ಬಹಳಷ್ಟು ಜಿಲೇಬಿಯವು. ಹೆಣ್ಣು ಬಂದು ಗುಣಿಯಲ್ಲಿ ಮೊಟ್ಟೆ ಇಟ್ಟು, ಕ್ಷಣದಲ್ಲಿ ತಿರುಗಿ ಎಲ್ಲವನ್ನೂ ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ಕೆಲಸ ಅಲ್ಲಿಗೆ ಮುಗಿಯಿತು, ಇನ್ನೊಂದು ಹೆಣ್ಣಿಗೆ ಕಾಯುತ್ತಾ ಗುಣಿಯಲ್ಲೇ ನಿಲ್ಲುತ್ತದೆ.

ಆಮೇಲಿನದೆಲ್ಲ ತಾಯಿಯ ಪಾಲು. ಮೂರರಿಂದ ಐದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಗಳು ಹೊಟ್ಟೆಗಂಟಿದ ಬಂಡಾರವನ್ನು ಕರಗಿಸಿಕೊಂಡು ಈಜಲು ಬಲ್ಲವಾಗುವವರೆಗೆ, ಹತ್ತು ಹದಿನಾಲ್ಕು ದಿನ, ಅಲ್ಲೇ ಬಾಯೊಳಗೆ. ಅಷ್ಟೂ ದಿನ ತಾಯಿ ಏನೂ ತಿನ್ನುವುದಿಲ್ಲ. ಬಾಯಿ ಮುಚ್ಚಿಕೊಂಡೇ ಮೊಟ್ಟೆಗಳನ್ನು ಹೊರಳಿಸುತ್ತಾ ಹೊಸ ನೀರು ಆಡಿಸುತ್ತಿರುತ್ತದೆ. ಹೊರಗೆ ಬಿಟ್ಟ ಮೇಲೂ ಕೆಲವು ದಿನ, ಕೊಕ್ಕರೆಯ ನೆರಳೋ ಹಾವೋ ಸುಳಿದರೆ ಮರಿಗಳೆಲ್ಲ ಓಡಿ ಬಂದು ಅವ್ವನ ಬಾಯಿಗೆ ನುಗ್ಗುತ್ತವೆ. ಇದನ್ನು ಕಂಡೇ ಹಳೆಯ ಈಜಿಪ್ಟಿನವರು ಇದರ ನೈಲ್ ನದಿಯ ನಂಟ ಮೀನನ್ನು ಮರುಹುಟ್ಟಿನ ಗುರುತಾಗಿ ಸಮಾಧಿಗಳ ಗೋಡೆಯ ಮೇಲೆ ಬರೆದರು. ಬಾಯೊಳಗೆ ಹೋದದ್ದು ಮತ್ತೆ ಬದುಕಿ ಹೊರಬರುತ್ತದಲ್ಲ! ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯಿಂದ ತೆಗೆದ ತೋಟದ ಕೊಳದ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹೆಚ್ಚುಕಡಿಮೆ 3,400 ವರ್ಷದ ಹಿಂದಿನದು. ಆ ಕೊಳದಲ್ಲಿ ತಾವರೆ, ಬಾತುಕೋಳಿ, ಜೊತೆಗೆ ಈ ಮೀನು.

ಅಕ್ಕ ಮೀನನ್ನು ಕಲ್ಲಿನ ಮೇಲಿಟ್ಟರು. "ಉಪಾಸ ಇದ್ಕಂಡು ಸಾಕ್ತದಾ? ನಾವೇ ಅಷ್ಟ್ ಮಾಡ್ನಿಲ್ವಲ್ಲ ಮೇಷ್ಟ್ರೇ."

"ಈಗ ಕಾಟ್ಲಾ, ರೋಹು ವಿಚಾರ ಕೇಳಿ."

ಕಾಟ್ಲಾ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಆದರೆ ಇಟ್ಟು ಹೊರಟುಹೋಗುತ್ತದೆ. ಅದೂ ಎಲ್ಲೆಂದರಲ್ಲಿ ಇಡುವುದಿಲ್ಲ. ಮುಂಗಾರು ಹೊಡೆಯಬೇಕು, ಹೊಳೆಗೆ ಕೆಂಪುನೀರು ಬರಬೇಕು, ಹರಿವ ನೀರಿನ ಎಳೆತ ಮೈಗೆ ತಗಲಬೇಕು. ನಿಂತ ಕೆರೆಯಲ್ಲಿ ಮೀನು ಬಲಿತರೂ ಮರಿ ಮಾಡುವುದಿಲ್ಲ. ಹಾಗಾಗಿ ಮೊದಲೆಲ್ಲ ಮರಿ ಬೇಕೆಂದರೆ ಹೊಳೆಯಿಂದಲೇ ಗೋರಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, ಇನ್ನೊಂದು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ, ಸಾಕಿದ ಮೀನಿನಿಂದಲೇ ಮೊಟ್ಟೆ ಇಡಿಸಿದರು. ಇವತ್ತು ಇಲಾಖೆಯ ಕೇಂದ್ರಗಳಲ್ಲಿ ನಮಗೆ ಸಿಗುವ ಒಂದೊಂದು ಮರಿಯ ಹಿಂದೆಯೂ ಆ ದಿನದ ಕೆಲಸವಿದೆ. ಜುಲೈ 10ನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವುದು ಅದಕ್ಕೇ.

ಜಿಲೇಬಿಗೆ ಮಳೆ ಬೇಡ, ಹೊಳೆ ಬೇಡ, ಇಂಜೆಕ್ಷನ್ ಬೇಡ. ನೀರು ಬೆಚ್ಚಗಿದ್ದರೆ ಸಾಕು, ಒಂದೊಂದೂವರೆ ತಿಂಗಳಿಗೊಮ್ಮೆ ಬಾಯಿ ತುಂಬಿಕೊಳ್ಳುತ್ತದೆ. ನಮ್ಮ ಮಂಡ್ಯದ ಸೀಮೆಯಲ್ಲಿ ನೀರು ಬೆಚ್ಚಗಿಲ್ಲದ ತಿಂಗಳು ಯಾವುದು? ಲಕ್ಷ ಮೊಟ್ಟೆ ಇಟ್ಟು ಬಿಟ್ಟುಹೋದ ಕಾಟ್ಲಾದ ಮರಿಗಳನ್ನು ಹೊಳೆ, ಹಾವು, ಹಕ್ಕಿ, ಬೇರೆ ಮೀನು ಎಲ್ಲ ಹಂಚಿಕೊಂಡು ತಿನ್ನುತ್ತವೆ. ನೂರಾರೇ ಮೊಟ್ಟೆ ಇಟ್ಟ ಜಿಲೇಬಿ, ಅದರಲ್ಲಿ ಹೆಚ್ಚಿನವನ್ನು ಉಳಿಸಿಕೊಳ್ಳುತ್ತದೆ. ಅಷ್ಟು ಒಳ್ಳೆಯ ತಾಯಿ ಆದ್ದರಿಂದಲೇ ಬೇರೆಯವರ ಮಕ್ಕಳಿಗೆ ಕೆರೆಯಲ್ಲಿ ಜಾಗ ಸಾಲದೆ ಹೋಯಿತು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಎಥೆಲ್ವಿನ್ ಟ್ರೆವಾವಸ್ ಎಂಬ ಮಹಾತಾಯಿ ಇದ್ದರು. ಬದುಕಿನುದ್ದಕ್ಕೂ ಆಫ್ರಿಕಾದ ಮೀನುಗಳನ್ನೇ ನೋಡಿದವರು. 1983ರಲ್ಲಿ ಅವರು ಟಿಲಾಪಿಯಾ ಎಂದು ಕರೆಯುವ ಈ ಮೀನುಗಳನ್ನು ಬೇರೆ ಬೇರೆ ಕುಲವಾಗಿ ವಿಂಗಡಿಸಿದಾಗ ಹಲ್ಲು, ಮೂಳೆಗಳ ಜೊತೆಗೆ ಮರಿ ಸಾಕುವ ಕ್ರಮವನ್ನೂ ಲೆಕ್ಕಕ್ಕೆ ಹಿಡಿದರು. ತಾಯಿಯೇ ಬಾಯಲ್ಲಿಟ್ಟು ಸಾಕುವವು ಒಂದು ಕಡೆ, ಅದಕ್ಕೆ ಓರಿಯೋಕ್ರೊಮಿಸ್ ಎಂದು ಹೆಸರು. ನಮ್ಮ ಜಿಲೇಬಿ ಆ ಕುಲದ್ದು. ಕಲ್ಲಿಗೋ ನೆಲಕ್ಕೋ ಮೊಟ್ಟೆ ಅಂಟಿಸಿ ಕಾಯುವವು ಟಿಲಾಪಿಯಾದಲ್ಲೇ ಉಳಿದವು. ಆಮೇಲೆ 2013ರಲ್ಲಿ ಇನ್ನಷ್ಟು ಜರಡಿ ಹಿಡಿದ ಮೇಲೆ ಆ ಟಿಲಾಪಿಯಾ ಕುಲದಲ್ಲಿ ಉಳಿದದ್ದು ನಾಲ್ಕೇ ಜಾತಿ, ಎಲ್ಲವೂ ಆಫ್ರಿಕಾದ ದಕ್ಷಿಣ ಭಾಗದವು. ಅಂಗಡಿಯಲ್ಲಿ ಟಿಲಾಪಿಯಾ ಎಂದು ಮಾರುವುದರಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ.

ಆ ನಾಲ್ಕರಲ್ಲಿ ಒಂದರ ಮೇಲೆ ನನಗೆ ವಿಶೇಷ ಮಮತೆ. ನಮೀಬಿಯಾದಲ್ಲಿ ಗ್ವಿನಾಸ್ ಎಂಬ ಒಂದು ಹೊಂಡವಿದೆ. ಸುಣ್ಣದಕಲ್ಲಿನ ನೆಲ ಕುಸಿದು ಆದ ಆಳವಾದ ಗುಂಡಿ. ಸುತ್ತ ಒಣಭೂಮಿ, ಒಳಹರಿವಿಲ್ಲ, ಹೊರಹರಿವಿಲ್ಲ. ಟಿಲಾಪಿಯಾ ಗ್ವಿನಾಸಾನಾ ಎಂಬ ಮೀನಿನ ಮೂಲ ಮನೆ ಇಡೀ ಭೂಮಿಯಲ್ಲಿ ಅದೊಂದೇ ಹೊಂಡ. ಒಂದೇ ಜಾತಿಯಲ್ಲಿ ಕಪ್ಪು, ನೀಲಿ, ಹಳದಿ, ಬಿಳಿ, ನಾನಾ ಬಣ್ಣದ ಮೀನು. ಅದು ಈಗ ಅಳಿವಿನ ಅಂಚಿನಲ್ಲಿದೆ. ಒಂದೇ ಅಜ್ಜಿಯ ಮೊಮ್ಮಕ್ಕಳಂಥ ಎರಡು ಮೀನಿನಲ್ಲಿ ಒಂದು ಅರ್ಧ ಜಗತ್ತಿನ ಕೆರೆ ತುಂಬಿತು, ಇನ್ನೊಂದರ ತವರು ಒಂದೇ ಗುಂಡಿ.

ಇನ್ನೂ ಒಂದು ಸಂಕಟದ ವಿಷಯ ಅಕ್ಕನಿಗೆ ಹೇಳಿದೆ. ಜಗತ್ತಿನ ಅತಿ ಹಾವಳಿಯ ನೂರು ಪರಕೀಯ ಜೀವಿಗಳ ಪಟ್ಟಿಯಲ್ಲಿ ನಮ್ಮ ಜಿಲೇಬಿಯ ಹೆಸರಿದೆ. ಅದೇ ಜಿಲೇಬಿ ತನ್ನ ತವರು ಮೊಜಾಂಬಿಕ್ಕಿನ ಹೊಳೆಗಳಲ್ಲಿ ಅಪಾಯಕ್ಕೆ ಸಿಕ್ಕಿದೆ. ಅಲ್ಲಿಗೆ ಸಾಕಣೆಗೆಂದು ನೈಲ್ ನದಿಯ ಟಿಲಾಪಿಯಾ ತಂದರು, ಅದು ತಪ್ಪಿಸಿಕೊಂಡು ಹೊಳೆ ಸೇರಿ ಇದರ ಜೊತೆ ಬೆರೆತು, ಶುದ್ಧ ತಳಿ ಕರಗುತ್ತಿದೆ.

"ಅಯ್ಯೋ ಪಾಪ. ಅಲ್ಲೂ ಹಂಗೇ ಮಾಡವ್ರಾ?"

"ಅಲ್ಲೂ ಹಾಗೇ. ಮೀನು ಯಾವುದಾದರೂ ಇರಲಿ, ಬಿಡುವವರು ನಾವೇ ಅಲ್ಲವೇ?"

ಅಕ್ಕ ಸುಮ್ಮನಾಗಲಿಲ್ಲ. ಸುಮ್ಮನಾಗುವವರೂ ಅಲ್ಲ. "ಆಯ್ತು, ಕೆರೆಗೆ ಬುಡಬಾರ್ದು, ಒಪ್ದೆ. ಇದು ನಮ್ಮೊಲದ ಹೊಂಡ. ಸುತ್ತ ಏರಿ ಅದೆ, ಹಾಳೆ ಅದೆ. ಎಲ್ಲಿಗ್ ಓದದು?"

"ಹೋದ ವರ್ಷ ಜೋರು ಮಳೆ ಬಂದಾಗ ಹೊಂಡ ತುಂಬಿ ಹರಿದಿತ್ತು ಅಂತ ನೀವೇ ಹೇಳಿದ್ದಿರಿ. ಆ ನೀರು ಎಲ್ಲಿಗೆ ಹೋಯಿತು?"

"ಹಳ್ಳಕ್ಕೆ."

"ಹಳ್ಳ ಎಲ್ಲಿಗೆ?"

ಅಕ್ಕನಿಗೆ ಆ ಹಳ್ಳದ ದಾರಿ ನನಗಿಂತ ಚೆನ್ನಾಗಿ ಗೊತ್ತು. ಅವರ ತವರಿನ ಹಳ್ಳ ಲೋಕಪಾವನಿಗೆ. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರ ತಾಲ್ಲೂಕು ಹಾದು, ಶ್ರೀರಂಗಪಟ್ಟಣದ ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುವ ಹೊಳೆ ಅದು. ಒಂದು ಹೊಂಡದ ನೀರು ಉಕ್ಕಿದರೆ ಕಾವೇರಿಗೆ ದಾರಿ ನೆಟ್ಟಗೆ ತೆರೆದಿದೆ. ಅಲ್ಲಿ ಈಗಾಗಲೇ ಜಿಲೇಬಿ ಇದೆ, ಇನ್ನು ನಾಲ್ಕು ಹೋದರೆ ಏನಂತೆ ಅನ್ನಬಹುದು. ದಾರಿಯಲ್ಲಿ ಇನ್ನೂ ಅದು ಕಾಲಿಡದ ಸಣ್ಣ ಕಟ್ಟೆ, ಕಲ್ಯಾಣಿ, ಮಡು ಎಷ್ಟಿರಬಹುದು ಅಕ್ಕ, ಅಂದೆ. ಪಕ್ಕೆ, ಕೊರವ, ಹಾವುಮೀನು, ಚೇಳುಮೀನು ಇನ್ನೂ ಉಳಿದಿರುವುದು ಅಂಥ ಜಾಗದಲ್ಲಿ. ಅಕ್ಕನೇ ಎಷ್ಟೋ ಸಲ ಹೇಳಿದ್ದಾರೆ, ಅವರು ಚಿಕ್ಕವರಿದ್ದಾಗ ಗದ್ದೆ ಬದುವಿನಲ್ಲಿ ಕೂಳಿ ಇಟ್ಟರೆ ಬೆಳಗಾಗುವ ಹೊತ್ತಿಗೆ ಇವೇ ತುಂಬಿರುತ್ತಿದ್ದವು ಎಂದು. ಅವು ಕಡಿಮೆಯಾದದ್ದಕ್ಕೆ ಗದ್ದೆಯ ಔಷಧಿ, ಒಣಗಿದ ಕೆರೆ, ಮರಳು ತೆಗೆದ ಹೊಳೆ ಎಲ್ಲವೂ ಕಾರಣ. ಎಲ್ಲವನ್ನೂ ಜಿಲೇಬಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬಡವಾದ ಮನೆಗೆ ಇನ್ನೊಂದು ದೊಡ್ಡ ಸಂಸಾರ ಬಂದು ಕೂತರೆ ಮೊದಲಿನವರು ಏಳುವುದು ಹೇಗೆ?

ಬೇರೆ ಕಡೆ ಆದದ್ದು ಕಣ್ಣ ಮುಂದಿದೆ. ತಮಿಳುನಾಡಿನ ಅಮರಾವತಿ, ಕಾವೇರಿಗೆ ಸೇರುವ ಹೊಳೆಯೇ. ಅದರ ಜಲಾಶಯದಲ್ಲಿ ಜಿಲೇಬಿಯೇ ಮುಖ್ಯ ಮೀನಾಯಿತು. ರಾಜಸ್ಥಾನದ ಜೈಸಮಂದ್ ಸರೋವರದಲ್ಲಿ ಇದು ಸೇರಿದ ಮೇಲೆ ದೊಡ್ಡ ಗೆಂಡೆಗಳ ಹಿಡಿತ ಕುಗ್ಗಿತು. ನಮ್ಮ ಕಾವೇರಿಯಲ್ಲೇ ಇನ್ನೊಂದು ಪಾಠವಿದೆ. ಗೂನುಬೆನ್ನಿನ ಮಹಶೀರ್, ಮಣಗಟ್ಟಲೆ ತೂಗುತ್ತಿದ್ದ ಮೀನು, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಆ ಮೀನಿಗೆ ಅನುಕೂಲವಾಗಲಿ ಎಂದು 1970ರ ದಶಕದಿಂದ ಲೋನಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಇನ್ನೊಂದು ಮಹಶೀರಿನ ಮರಿಗಳನ್ನು ಕಾವೇರಿಗೆ ಬಿಟ್ಟರು. ಹೊಸದು ಹೆಚ್ಚಿತು, ಹಳೆಯದು ಕಾಣದಾಯಿತು. ಆ ಹಳೆಯದಕ್ಕೆ ವಿಜ್ಞಾನದ ಹೆಸರು ಇಂಥದ್ದು ಎಂದು ಖಚಿತವಾದದ್ದು 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನಂಚಿಗೆ ಬಂದಿತ್ತು. ಅಲ್ಲೂ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ.

"ನಮ್ದೂ ಅಂತ ಈ ಜಾತೀದು ಯಾವ್ದೂ ಇಲ್ವಾ ಮೇಷ್ಟ್ರೇ?"

ಈ ಪ್ರಶ್ನೆಗೆ ನನಗೆ ನಿಜಕ್ಕೂ ಖುಷಿಯಾಯಿತು. ಇದೆ. ಇಡೀ ಭಾರತಕ್ಕೆ ಸ್ವಂತವಾದ ಸಿಕ್ಲಿಡ್ ಮೂರೇ. ಒಂದು ಕೇರಳದವರು ಪ್ರಾಣ ಬಿಡುವ ಕರಿಮೀನ್, ಅವರು 2010ರಲ್ಲಿ ಅದನ್ನು ರಾಜ್ಯದ ಮೀನೆಂದು ಸಾರಿದರು. ಇನ್ನೊಂದು ಕಿತ್ತಳೆ ಬಣ್ಣದ ಪುಟಾಣಿ, ಅದರ ಮರಿಗಳು ಅಪ್ಪ ಅವ್ವನ ಮೈಯ ಲೋಳೆಯನ್ನು ಕುಟುಕಿ ತಿಂದು ಬೆಳೆಯುತ್ತವೆ. ಮೂರನೆಯದು ನಮ್ಮದೇ. ಇಟ್ರೊಪ್ಲಸ್ ಕೆನರೆನ್ಸಿಸ್ ಅಂತ, ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತಿರುವ ಮೀನು. 1877ರಲ್ಲಿ ಫ್ರಾನ್ಸಿಸ್ ಡೇ ಅದನ್ನು ಲೋಕಕ್ಕೆ ತಿಳಿಸಿದ. ಮದರಾಸಿನ ಸರ್ಕಾರಿ ವೈದ್ಯನಾಗಿದ್ದುಕೊಂಡು ಭಾರತದ ಮೀನುಗಳನ್ನೆಲ್ಲ ಬರೆದು, ಚಿತ್ರ ಮಾಡಿಸಿ ಇಟ್ಟುಹೋದ ಮನುಷ್ಯ. ದಕ್ಷಿಣ ಕನ್ನಡದ ನೇತ್ರಾವತಿಯ ಕಡೆಯ ತಿಳಿನೀರಿನ ಹೊಳೆಗಳಲ್ಲಿ, ಕಲ್ಲುಗಳ ನಡುವೆ ಅದರ ವಾಸ. ಮೈಮೇಲೆ ಮುತ್ತು ಚೆಲ್ಲಿದ ಹಾಗೆ ಚುಕ್ಕಿ. ಈ ಮೂರೂ ಬಾಯಲ್ಲಿ ಮರಿ ಸಾಕುವವಲ್ಲ. ಕಲ್ಲಿಗೋ ಕಡ್ಡಿಗೋ ಮೊಟ್ಟೆ ಅಂಟಿಸಿ, ಗಂಡು ಹೆಣ್ಣು ಎರಡೂ ರೆಕ್ಕೆ ಬೀಸಿ ಹೊಸ ನೀರು ಆಡಿಸುತ್ತಾ ಕಾಯುತ್ತವೆ. ಇವಕ್ಕೆ ಹತ್ತಿರದ ನೆಂಟರು ಇರುವುದು ಮಡಗಾಸ್ಕರ್ ದ್ವೀಪದಲ್ಲಿ. ಭಾರತ, ಮಡಗಾಸ್ಕರ್, ಆಫ್ರಿಕಾ ಒಂದೇ ನೆಲವಾಗಿದ್ದ ಕಾಲದ ನೆನಪು ಈ ಮೀನಿನಲ್ಲಿ ಉಳಿದಿದೆ ಎಂದು ಹಲವು ವಿಜ್ಞಾನಿಗಳು ನಂಬುತ್ತಾರೆ.

ಕೇರಳದವರು ಕರಿಮೀನಿಗೆ ಕೊಟ್ಟ ಮಾನದಲ್ಲಿ ಕಾಲುಭಾಗವನ್ನಾದರೂ ನಾವು ಇದಕ್ಕೆ ಕೊಡಬೇಕಿತ್ತು. ಆಫ್ರಿಕಾದ ಸಿಕ್ಲಿಡ್ಡು ನಮ್ಮ ಮನೆಮನೆಯ ಸಾರಿನಲ್ಲಿದೆ, ನಮ್ಮ ನೆಲದ ಸಿಕ್ಲಿಡ್ಡು ಯಾವ ಪಾಠಪುಸ್ತಕದ ಪುಟದಲ್ಲೂ ನನ್ನ ಕಣ್ಣಿಗೆ ಬಿದ್ದದ್ದಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅಕ್ಕನ ಮಗ ಬಂದ. ನಮ್ಮ ಮಾತು ಅವನ ಕಿವಿಗೆ ಬಿದ್ದಿತ್ತು.

"ಸಾರ್, ಈಗ ಗಿಫ್ಟ್ ಟಿಲಾಪಿಯಾ ಅಂತ ಬಂದದಲ್ಲ, ಅರ್ಧ ಕೆಜಿ ಬತ್ತದಂತೆ. ಅದ್ನ ಬುಟ್ರೆ?"

ಹುಡುಗ ತಿಳಿದುಕೊಂಡೇ ಕೇಳುತ್ತಿದ್ದ. ಗಿಫ್ಟ್ ಎನ್ನುವುದು ನೈಲ್ ಟಿಲಾಪಿಯಾದ ಸುಧಾರಿತ ತಳಿ. ಈಜಿಪ್ಟ್, ಘಾನಾ, ಕೀನ್ಯಾ, ಸೆನೆಗಲ್ ಹೊಳೆಗಳಿಂದ ತಂದ ಮೀನನ್ನೂ ಏಷ್ಯಾದಲ್ಲಿ ಸಾಕಿದ್ದ ಮೀನನ್ನೂ ಕೂಡಿಸಿ, 1988ರಿಂದ ಫಿಲಿಪೀನ್ಸ್‌ನಲ್ಲಿ ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಬೆಳೆಸಿದ್ದು. ಬೇಗ ತೂಗುತ್ತದೆ, ಮುಳ್ಳು ಕಡಿಮೆ. ಆದರೆ ಅದರ ಲಾಭವೆಲ್ಲ ಗಂಡಿನಲ್ಲಿ. ಹೆಣ್ಣಿನ ಶಕ್ತಿ ಮೊಟ್ಟೆಗೆ, ಬಾಯಿ ಮುಚ್ಚಿದ ಉಪವಾಸಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಸಣ್ಣ ಮರಿಗಳಿಗೆ ಮೂರು ನಾಲ್ಕು ವಾರ ಹಾರ್ಮೋನ್ ಬೆರೆಸಿದ ತಿಂಡಿ ಕೊಟ್ಟು ಎಲ್ಲವನ್ನೂ ಗಂಡಾಗಿಸಿ ಮಾರುತ್ತಾರೆ. ಸಾಕಬೇಕೆಂದರೆ ಇಲಾಖೆಯ ಅನುಮತಿ ಬೇಕು, ಗಂಡು ಮರಿಯೇ ಬೇಕು, ನೀರು ಹೊರಹೋಗುವ ಕಡೆಯೆಲ್ಲ ಜಾಲರಿ ಬೇಕು. ಅಷ್ಟು ಕಟ್ಟುನಿಟ್ಟಾಗಿ ಮಾಡುವವರು ಮಾಡಲಿ, ಅದು ದೊಡ್ಡ ಬಂಡವಾಳದ ಕೆಲಸ.

"ನೀನು ತರಬೇಕೆಂದಿರುವ ಮರಿ ಎಲ್ಲಿಯದಪ್ಪಾ?"

"ಸ್ನೇಹಿತನ ಕಟ್ಟೇಲಿ ಗೋರ್ಕಂಡು ಬರದು. ಕಾಸೇನಿಲ್ಲ."

"ಹಾಗಾದರೆ ಅದು ಗಿಫ್ಟ್ ಅಲ್ಲ, ಊರ ಜಿಲೇಬಿ. ಅದನ್ನು ಬಿಟ್ಟರೆ ಏನಾಗುತ್ತದೆ ಹೇಳುತ್ತೇನೆ ಕೇಳು."

ಜಿಲೇಬಿಗೆ ಜಾಗ ಸಾಲದೆ ಬಂದಾಗ ಅದು ಬೆಳೆಯುವುದನ್ನು ನಿಲ್ಲಿಸಿ ಮರಿ ಮಾಡಲು ತೊಡಗುತ್ತದೆ. ಎರಡು ಮೂರು ತಿಂಗಳಿಗೆ, ಬೆರಳುದ್ದ ಇರುವಾಗಲೇ ಬಾಯಿ ತುಂಬ ಮೊಟ್ಟೆ. ಆ ಮರಿಗಳದೂ ಅದೇ ಕಥೆ. ಹೊಂಡ ತುಂಬ ಮೀನಿರುತ್ತದೆ, ಒಂದೂ ತಟ್ಟೆ ತುಂಬುವುದಿಲ್ಲ. ಹಾಕಿದ ತೌಡು, ಹಿಂಡಿ ಎಲ್ಲ ಮುಳ್ಳಿಗೆ ಹೋಯಿತು. ಸಂತೆಗೆ ಒಯ್ದರೆ ಗುಡ್ಡೆ ಲೆಕ್ಕದಲ್ಲಿ ಕೊಡಬೇಕು. ಕೆರೆ ಗುತ್ತಿಗೆ ಹಿಡಿದವರು ಕಾಟ್ಲಾ ಮರಿಗೆ ದುಡ್ಡು ಸುರಿದು ಕೊನೆಗೆ ಬಲೆಯಲ್ಲಿ ಇದನ್ನೇ ಎಳೆದು ತಲೆ ಮೇಲೆ ಕೈ ಹೊತ್ತು ಕೂರುವುದು ಇದೇ ಕಾರಣಕ್ಕೆ.

ಹುಡುಗ ಅವ್ವನ ಮುಖ ನೋಡಿದ.

"ಕಾಟ್ಲಾ, ರೋಹು, ಮೃಗಾಲ್ ತಾ" ಅಂದೆ. "ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದು ಇನ್ನೊಂದರ ತಟ್ಟೆಗೆ ಕೈ ಹಾಕುವುದಿಲ್ಲ. ನಿಂತ ನೀರಲ್ಲಿ ಮರಿ ಮಾಡುವುದಿಲ್ಲ, ಹಾಗಾಗಿ ತಿಂದದ್ದೆಲ್ಲ ಮೈಗೆ." ಇವೂ ಉತ್ತರದ ಹೊಳೆಗಳಿಂದ ಬಂದವೇ, ಕಾವೇರಿಯ ಮೂಲ ಮೀನುಗಳಲ್ಲ ಎಂಬುದನ್ನೂ ಅವನಿಗೆ ಮುಚ್ಚಿಡಲಿಲ್ಲ. ಆದರೂ ಹೊಂಡದಿಂದ ನಾಲ್ಕು ತಪ್ಪಿಸಿಕೊಂಡರೆ ಅವು ಹಳ್ಳದಲ್ಲಿ, ಕಟ್ಟೆಯಲ್ಲಿ ಸಂಸಾರ ಹೂಡುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

"ಮರಿ ಎಲ್ ಸಿಕ್ತವೆ ಸಾರ್?"

"ಪಾಂಡವಪುರದ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸು. ಮಳೆಗಾಲ ಹಿಡಿದ ಮೇಲೆ ಬಿತ್ತನೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ತರಬೇಡ, ನಿನ್ನ ಹೊಂಡದಲ್ಲಿ ನೀರು ನಿಲ್ಲುವುದೇ ಕೆಲವು ತಿಂಗಳು. ಬೆರಳುದ್ದ ಬಲಿತದ್ದು ತಾ. ಅದಕ್ಕೂ ಮೊದಲು ಹೊಂಡ ಪೂರಾ ಒಣಗಿಸು. ಹಾಳೆಯ ಮಡಿಕೆಯಲ್ಲಿ ಒಂದು ಲೋಟ ನೀರು ಉಳಿದರೂ ಜಿಲೇಬಿ ಮರಿ ಅಲ್ಲೇ ಜೀವ ಹಿಡಿದುಕೊಂಡಿರುತ್ತದೆ. ಕೋಡಿ ಕೊರೆದಿದ್ದೀಯಲ್ಲ, ಅಲ್ಲಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿ."

"ಮರಿಗೆ ಕಾಸು ಕೊಡ್ಬೇಕಲ್ಲ" ಅಂದ ಹುಡುಗ.

"ಕೊಡ್ಲಾ" ಅಂದರು ಅಕ್ಕ. ಮತ್ತೆ ಕಲ್ಲಿಗೆ ಬೂದಿ ಹಾಕಿಕೊಂಡರು. "ಅಂಗಾರೆ ಮೇಷ್ಟ್ರೇ, ಈಗ ಕೆರೇಲಿ ನಾಲೇಲಿ ಇರೋ ಜಿಲೇಬಿಗೇನು ಮಾಡಾದು?"

"ಹಿಡಿಯುವುದು, ತಿನ್ನುವುದು. ಸಣ್ಣದು ಅಂತ ವಾಪಸ್ಸು ನೀರಿಗೆ ಎಸೆಯಬಾರದು. ಹುಡುಗರು ಬಾಟಲಿಯಲ್ಲಿ ತುಂಬಿಕೊಂಡು ಇನ್ನೊಂದು ಕಟ್ಟೆಗೆ, ಮನೆ ತೊಟ್ಟಿಗೆ ಬಿಡುತ್ತಾರಲ್ಲ, ಅದನ್ನು ನೀವೇ ಗದರಿಸಿ ನಿಲ್ಲಿಸಬೇಕು."

"ಬೆನ್ನ ಮುಳ್ಳು ಬೆಟ್ಟಿಗೆ ಹೊಡ್ದ್ರೆ ಎಲ್ಡ್ ದಿನ ಉರಿ. ತಿನ್ನಾದೇನ್ ಸುಲ್ಬ ಅಲ್ಲ ಕಣ್ ಮೇಷ್ಟ್ರೇ."

"ಬೆನ್ನ ರೆಕ್ಕೆಯನ್ನು ಮೊದಲೇ ಕತ್ತರಿಯಲ್ಲಿ ತೆಗೆದುಬಿಡಿ, ಬಾಲದ ಕಡೆಯಿಂದ ತಲೆಯ ಕಡೆಗೆ. ಆಮೇಲೆ ಉಜ್ಜಿ."

ಅಕ್ಕ ಮಗನ ಕಡೆ ತಿರುಗಿದರು. "ಲೋ, ಕತ್ರಿ ತತ್ತಾ. ಅಂಗೇ ನಿನ್ ಸ್ನೇಹಿತಂಗೆ ಪೋನ್ ಮಾಡು, ಮರಿ ಬ್ಯಾಡ ಅನ್ನು. ಅವನ ಕಟ್ಟೇಲಿರಾವನ್ನ ಹಿಡ್ದು ನಮಗೇ ಮಾರಕ್ಕೇಳು. ಸಾರ್ಗಾಯ್ತದೆ."